ಮೂರು ನೂಲು

ಮಷಿನ್ನಿನ ಡ್ರಾಯರಿನೊಳಗಿನ ಮೇಣದ ಗಡ್ಡಿ
ಸವೆದು ಸವೆದು ಹುಣಸೆಬೀಜದಷ್ಟಾತು.
ಕಾಜಾ ದಾರ ಅದರ ಮ್ಯಾಲೆ ಒಮ್ಮೆ ಎಳೀಬೇಕು,
ಇಲ್ಲಂದ್ರ ಗಂಟು ಬೀಳ್ತದ.
ಆಳಂದ ಬಜಾರದಾಗ ಕೇಳಿದರ ಮೇಣಬತ್ತಿ ಕೊಟ್ಟರು.
ಮೇಣಬತ್ತಿಗೂ ಮೇಣಕ್ಕೂ ಇರೋ ಫರಕು
ದಾರಕ್ಕ ಗೊತ್ತು, ಅಂಗಡಿಯವಗ ಗೊತ್ತಿಲ್ಲ.

ಹಿಂಗ ಶುರುವಾತು. ತುಪ್ಪದ ಆಸೆಗಲ್ಲ.
ಸಕ್ಕರಿ ಬ್ಯಾನಿ ನನಗ;
ಚಮಚ ನೆಕ್ಕಿದರೂ ಮಗಳು ಕಣ್ಣು ಕೆಕ್ಕರಿಸ್ತಾಳ.

ಪೆಟ್ಟಿಗಿ ಮಾಡಸಲಾಕ ಬಡಿಗ ಲಾಡ್ಲೇಸಾಬನ ಹತ್ರ ಹೋದೆ.
ನಕ್ಕ. "ಅಕ್ಕಾ, ಅವಕ್ಕ ಜಂಪರ್ ಹೊಲೀತಿ ಏನು?"
ನಕಾಶಿ ಹಾಳಿ ಬಿಚ್ಚಿದೆ, ಟೇಪು ಹಾಸಿದೆ.
ಎಂಟು ಚೌಕಟ್ಟು. ಸಂದಿ, ಮೂರು ನೂಲು,
ಇಂಚಿನ ಎಂಟು ಪಾಲಿನಾಗ ಮೂರು.
"ಎರಡಾದರ?"
ಮೇಣ ಮೆತ್ತಿ ಮುಚ್ಚಿಬಿಡ್ತಾವಂತ.
"ನಾಕಾದರ?"
ನಡುವೆ ಮತ್ತೊಂದು ಮನಿ ಕಟ್ತಾವಂತ.
ಕಿವಿಮ್ಯಾಲಿನ ಪೆನ್ಸಿಲ್ ಕೆಳಗಿಳಿಸಿದ.
"ಇಷ್ಟು ಬಿಗಿ ಗಿರಾಕಿ ನನಗ ಇಲ್ಲೀತನಕ ಸಿಕ್ಕಿಲ್ಲ."

ತೊಗರಿ ಹೂ ಹಿಡಿಯೂತನಕ ಗುಂಡೇರಾಯ ಮಾಸ್ತರು
ಕುಟುಂಬ ಕೊಡಲಿಲ್ಲ. "ಬ್ಯಾಸಗ್ಯಾಗ ಕೊಟ್ಟರ
ನಿನಗೂ ಪಾಪ, ನನಗೂ ಪಾಪ."
ಕೊಟ್ಟ ರಾತ್ರಿ, ಬಾಯಿಗೆ ಜಾಳಿಗಿ ಕಟ್ಟಿ,
ಟಂಟಂ ಗಾಡ್ಯಾಗ ತೊಡಿಮ್ಯಾಲಿಟ್ಟು ತಂದೆ.
ತಗ್ಗು ಬಂದಾಗೊಮ್ಮೆ ಪೆಟ್ಟಿಗಿಗೆ ಸಿಟ್ಟು ಬರತಿತ್ತು.
ಬಾಜು ಕುಂತ ಮುದುಕ ಕೇಳಿದ, "ಕೋಳಿ ಏನವ್ವಾ?"
"ಹೂಂ," ಅಂದೆ. "ಸಣ್ಣವು."

ಮಾಳಿಗಿ ಮ್ಯಾಲೆ, ಬೇವಿನ ನೆರಳಿಗೆ ಇಟ್ಟೆ.
ಸ್ಟ್ಯಾಂಡಿನ ನಾಕು ಕಾಲಿಗೆ ನಾಕು ನೀರಿನ ಬಟ್ಟಲು,
ಇರಿವಿ ಏರಬಾರದಂತ.
ಮುಸುಕು ನಾನೇ ಹೊಲಿದೆ: ಮಗಳ ಬಿಸಲಿನ ಟೊಪ್ಪಿಗಿ,
ಹಳೀ ಸೊಳ್ಳಿಪರದಿ, ಕಣ್ಣೆದುರು ಮಾತ್ರ ಕಪ್ಪು ಜಾಳಿಗಿ.
ಮೂವತ್ತು ವರ್ಷ ಮಂದಿ ಮೈ ಅಳೆದೀನಿ.
ನನ್ನ ತಲಿ ಸುತ್ತಳತಿ ಅಂದೇ ತಿಳೀತು,
ಇಪ್ಪತ್ತೆರಡೂವರಿ.

ಮೊದಲನೇ ಸಲ ಮುಚ್ಚಳ ತೆಗೆದಾಗ
ಹೊಗಿ ಹೆಚ್ಚಾಗಿ ಕೆಮ್ಮಿದಾಕಿ ನಾನೇ.
ಒಂದು ಹೊಡೀತು. ಬಲಗೈ ಹೆಬ್ಬೆರಳಿಗೆ,
ಸೂಜಿ ಚುಚ್ಚಿ ದಡ್ಡುಗಟ್ಟಿದ ಜಾಗ ಬಿಟ್ಟು
ಅದರ ಬಾಜು, ಮೆತ್ತನ ಕಡೆ.
ಅದಕ್ಕ ಯಾರು ಹೇಳಿದರೋ.
ಚಿವುಟಬ್ಯಾಡ, ಕೆರೆದು ತೆಗಿ ಅಂದಿದ್ದರು. ಉಗುರಿಲೆ ಕೆರೆದೆ.
ನನ್ನ ಸೂಜಿ ಚುಚ್ಚಿದ ಮ್ಯಾಲೂ ನನ್ನ ಕೈಯಾಗೇ ಇರ್ತದ.
ಇದು ಸೂಜಿ ಬಿಟ್ಟು, ಅದರ ಕೂಡ ತನ್ನನ್ನೂ ಬಿಟ್ಟು
ಪ್ಯಾರಾಪೆಟ್ಟಿನ ಮ್ಯಾಲೆ ಬಿತ್ತು.
ಎರಡು ದಿನ ಹುಕ್ಕು ಹಚ್ಚಲಾಕ ಆಗಲಿಲ್ಲ.

ಸಂಕ್ರಾಂತಿ ಆದ ವಾರ ಮತ್ತ ತೆಗೆದು ನೋಡಿದೆ.
ಐದಕ್ಕೂ ಆರಕ್ಕೂ ನಡುವೆ ಒಂದು ಅಡ್ಡ ಎರಿ,
ಸೊಟ್ಟ, ಬೆಳ್ಳಗ, ಬಿಸಿ.
ಟೇಪು ಇಳಿಬಿಟ್ಟೆ.
ಲಾಡ್ಲೇಸಾಬನ ರಂಧಾ ಅಲ್ಲಿ ಜರಾ ಜಾಸ್ತಿ ಓಡ್ಯಾದ:
ನಾಕು ನೂಲು.
ನಮ್ಮಿಬ್ಬರ ನಾಕು ಕಣ್ಣಿಗೆ ಬೀಳಲಿಲ್ಲ ಅದು.
ಕತ್ತಲಾಗ ಅವು ಅಳೆದಿದ್ದವು.

ಎಷ್ಟು ತೋಳಿಗೆ, ಎಷ್ಟು ಕೊರಳಿಗೆ
"ಒಂದು ನೂಲು, ನಡೀತದ ತಗೋರಿ" ಅಂದೀನೋ.
ಬಿಚ್ಚಿ ಹೊಲಿಯೋ ಉಳ್ಳಾಗಡ್ಡಿ ಹೊತ್ತಿನಾಗ
ಅವರೂ ನಡೀತದ ಅಂದು ಹೋಗ್ಯಾರ.

ಅಡ್ಡ ಎರಿ ಕೊಯ್ದೆ. ಬಿಸಿನೀರಾಗ ಕರಗಿಸಿ
ಮಲ್‌ಬಟ್ಟಿಲೆ ಸೋಸಿದರ ಒಂದು ಗೋಲಿಯಷ್ಟು ಮೇಣ.
ತುಪ್ಪ ಎಷ್ಟು ಬಂತಂತ ಕೇಳ್ತಾರ ಗಿರಾಕಿಗಳು.
ದಾರ ಎಳೆದು ತೋರಿಸ್ತೀನಿ.
ಅವರಿಗೆ ಏನೂ ಕಾಣೂದಿಲ್ಲ.

ತೊಗರಿ ಕಟಾವಾತು. ಬೇವು ಹೂ ಬಿಡಲಾಕ ದಿನ ಅವ.
ನಡುವಿನ ಸಂದಿ ಎಷ್ಟು ನೂಲಿಂದೋ ಯಾರೂ ಹೇಳವಲ್ಲರು.
ಗೋಣಿಚೀಲ ಒಂದು ತೊಳೆದು ಒಣಗಿ ಹಾಕೀನಿ,
ಏಪ್ರಿಲ್ಲಿನಾಗ ತೋಯಿಸಿ ಹೊದಿಸಬೇಕು.
ಪೆಟ್ಟಿಗಿ ಅಳತಿ ತಗೊಂಡು ಕತ್ತರಿಸಿ
ಅಂಚು ಮಡಚಿ ಹೊಲಿದೀನಿ.
ಗೋಣಿಗೆ ಅಂಚು ಯಾಕ ಅಂತಾಳ ಮಗಳು.
ಇರಲಿ.